ಟೇಪ್ ಮಾಸ್ಟರ್ ಕತ್ತರಿಸಿದ ರಬ್ಬರು

ನನ್ನ ಅಕ್ಕನ ಗಂಡನನ್ನು ನಮ್ಮ ಬೀದಿಯವರು ಟೇಪ್ ಮಾಸ್ಟರ್ ಎನ್ನುತ್ತಾರೆ. ಹೊಲಿಗೆ ಅಂಗಡಿ ಮುಚ್ಚಿ ವರ್ಷಗಳಾದರೂ ಅಳತೆಯ ಟೇಪು ಅವರ ಕೊರಳಿನಿಂದ ಇಳಿದಿಲ್ಲ. ಜೀವಮಾನವೆಲ್ಲ ಅವರು ಹೊಲಿದದ್ದು ಶಾಲಾ ಮಕ್ಕಳ ಯೂನಿಫಾರಂ. ನೀಲಿ ಚಡ್ಡಿ, ಬಿಳಿ ಅಂಗಿ, ಮತ್ತೆ ನೀಲಿ ಚಡ್ಡಿ. ಇಷ್ಟರಿಂದಲೇ ಲೋಕದ ಸಕಲ ವಿದ್ಯೆಯೂ ತಮಗೆ ಕರಗತವಾಗಿದೆ ಎಂಬ ನಂಬಿಕೆ ಹೇಗೆ ಬಂತೋ ದೇವರೇ ಬಲ್ಲ. ಗಡಿಯಾರ ನಿಂತರೆ ತಾವೇ ಬಿಚ್ಚುತ್ತಾರೆ, ಫ್ಯಾನು ಕಿರುಗುಟ್ಟಿದರೆ ತಾವೇ ಬಿಚ್ಚುತ್ತಾರೆ. ಬಿಚ್ಚಿದ್ದು ಮತ್ತೆ ಕೂಡಿಕೊಂಡದ್ದನ್ನು ನಾನಂತೂ ಕಂಡಿಲ್ಲ. ನಾನಿರುವುದು ಅದೇ ಮನೆಯ ಮಹಡಿಯಲ್ಲಿ. ಹೀಗಾಗಿ ಇದು ಯಾರೋ ಹೇಳಿದ ಮಾತಲ್ಲ.

ಅಂಥವರು ಒಂದು ದಿನ ಹಳೆಯ ಮೋಟರ್‌ಹೋಮ್, ಅಂದರೆ ಚಕ್ರದ ಮೇಲಿನ ಮನೆಯನ್ನು, ತಂದು ಮನೆ ಮುಂದೆ ನಿಲ್ಲಿಸಿದರು. ಒಳಗೆ ಮಡಚುವ ಮಂಚ, ಒಂದು ಒಲೆ, ಬೀರುವಿನಷ್ಟು ಅಗಲದ ಟಾಯ್ಲೆಟ್. ಈ ಒಂದು ವಿಷಯದಲ್ಲಿ ಅವರ ತಲೆ ನೆಟ್ಟಗೆ ಓಡಿತ್ತೆಂದು ಒಪ್ಪಲೇಬೇಕು. ಆಪರೇಷನ್ ಆದಮೇಲೆ ಅಕ್ಕನಿಗೆ ಮೂತ್ರ ತಡೆದುಕೊಳ್ಳಲು ಆಗುವುದಿಲ್ಲ. ಒಮ್ಮೆ ಬಸ್ಸಿನಲ್ಲಿ ಎಲ್ಲರೆದುರು ಬಟ್ಟೆ ಒದ್ದೆಯಾಯಿತು. ಅಂದಿನಿಂದ ಅವಳು ಬಸ್ಸು, ರೈಲು, ಕಾರು ಯಾವುದನ್ನೂ ಹತ್ತಿಲ್ಲ. ಅಮ್ಮ ಇರುವುದು ಅಣ್ಣನ ಮನೆಯಲ್ಲಿ, ಇಲ್ಲಿಂದ ಅರ್ಧ ದಿನದ ದಾರಿ. ಫೋನು ಮಾಡಿದಾಗಲೆಲ್ಲ ಅಮ್ಮನದು ಒಂದೇ ಪ್ರಶ್ನೆ.

"ಯಾವಾಗ ಬರ್ತೀಯೇ? ನಾನು ಹೋದ್ಮೇಲಾ?"

"ಬರ್ತೀನಮ್ಮ, ಮುಂದಿನ ತಿಂಗಳು," ಎನ್ನುತ್ತಿದ್ದಳು ಅಕ್ಕ. ಕಾರಣ ಹೇಳಲು ನಾಚಿಕೆ. ಫೋನಿಟ್ಟಮೇಲೆ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಅಮ್ಮನಾದರೂ ಇಲ್ಲಿಗೆ ಬರಬಹುದಿತ್ತು. ಅಣ್ಣನ ಹತ್ತಿರ ಕಾರಿದೆ. ಆದರೆ ಅಮ್ಮ ವರ್ಷಗಳಿಂದ ಮನೆಯ ಗೇಟು ದಾಟಿಲ್ಲ. "ನಂಗೆ ದೂರದ ಪ್ರಯಾಣ ಆಗಲ್ಲ ಕಣೇ" ಎನ್ನುತ್ತಾಳೆ. ಅಳಿಯನ ಮುಖ ನೋಡಲು ಇಷ್ಟವಿಲ್ಲದೆ ಹಾಗೆನ್ನುತ್ತಾಳೆ ಎಂದು ನಾನು ತಿಳಿದಿದ್ದೆ. ಅದರಲ್ಲಿ ನನಗೆ ಯಾವ ತಪ್ಪೂ ಕಂಡಿರಲಿಲ್ಲ.

ಇನ್ನೇನು ಹೊರಡಬೇಕು, ಟಾಯ್ಲೆಟ್ ಸೋರತೊಡಗಿತು. ಅದರ ರಚನೆ ಸರಳ. ಕಮೋಡಿನ ತಳದಲ್ಲಿ ಸರಿದಾಡುವ ಒಂದು ಮುಚ್ಚಳ, ಅದರ ಸುತ್ತ ಒಂದು ರಬ್ಬರ್ ಉಂಗುರ, ಕೆಳಗೆ ಹೊಲಸು ತುಂಬುವ ಟ್ಯಾಂಕು. ಉಂಗುರ ಸವೆದರೆ ಕಮೋಡಿನಲ್ಲಿ ನೀರು ನಿಲ್ಲುವುದಿಲ್ಲ, ಗಬ್ಬು ವಾಸನೆ ಮೇಲೆ ಬರುತ್ತದೆ, ಗಾಡಿ ತಿರುವಿನಲ್ಲಿ ವಾಲಿದರೆ ಟ್ಯಾಂಕಿನದೂ ಮೇಲೆ ಬರುತ್ತದೆ. ಟ್ಯಾಂಕು ಖಾಲಿ ಮಾಡಿ ತೊಳೆದು, ಹಳೆಯ ಉಂಗುರ ಕಿತ್ತು, ಕೂರುವ ಜಾಗ ಒರೆಸಿ, ಹೊಸದನ್ನು ಒತ್ತಿದರೆ ಆಯಿತು. ಕೈಕಾಲು ನೆಟ್ಟಗಿರುವ ಯಾರು ಬೇಕಾದರೂ ಮಾಡಬಹುದಾದ ಕೆಲಸ. ಭಾವ ಆ 'ಯಾರು ಬೇಕಾದರೂ' ಗುಂಪಿಗೆ ಸೇರಿದವರಲ್ಲ.

"ಹೊಸ ರಬ್ಬರ್ ತರಿಸಿ ಭಾವ, ಅಂಗಡೀಲಿ ಸಿಗುತ್ತೆ," ಎಂದೆ.

"ತರಿಸೋದ್ಯಾಕೆ? ಲಾರಿ ಟ್ಯೂಬಿದೆ, ಕತ್ತರಿ ಇದೆ. ಶರ್ಟಿಗೆ ಕಾಲರ್ ಕೂರಿಸಿದವನಿಗೆ ಇದೊಂದು ಕೆಲಸಾನಾ?"

ಊಟದ ಮೇಜಿನ ಮೇಲೆ ಟ್ಯೂಬು ಹರಡಿದರು. ಸೀಮೆಸುಣ್ಣದಿಂದ ಗುರುತು ಹಾಕಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು (ರಬ್ಬರಿಗೆ ಗುಂಡುಸೂಜಿ ಯಾಕೋ!) ಕತ್ತರಿಸಿದರು. ಉಂಗುರ ನೋಡಿದರೆ ಸುತ್ತಲೂ ಬೆರಳಗಲ ಹೆಚ್ಚಿತ್ತು.

"ಇದು ದೊಡ್ಡದಾಯ್ತಲ್ಲ ಭಾವ?"

"ಒಳಗೆ ಸ್ವಲ್ಪ ಬಿಟ್ಟಿದ್ದೀನಿ. ಮುಂದೆ ಬೇಕಾದ್ರೆ ಬಿಚ್ಚಿ ದೊಡ್ಡದು ಮಾಡ್ಕೋಬಹುದು."

ಮಕ್ಕಳು ಬೆಳೆಯುತ್ತಾರೆಂದು ಚಡ್ಡಿಯೊಳಗೆ ಬಟ್ಟೆ ಬಿಟ್ಟು ಹೊಲಿದ ಕೈ ಅದು. ಟಾಯ್ಲೆಟ್ ಬೆಳೆದು ಯಾವ ಕ್ಲಾಸಿಗೆ ಹೋಗುತ್ತದೆ ಎಂದು ಕೇಳಬೇಕೆನ್ನಿಸಿತು. ಅಕ್ಕ ಕಣ್ಣಲ್ಲೇ ಸುಮ್ಮನಿರಿಸಿದಳು. ಹೆಚ್ಚಾದ ರಬ್ಬರು ಮುಚ್ಚಳದ ಕೆಳಗೆ ನೆರಿಗೆ ನೆರಿಗೆಯಾಗಿ ಕೂತಿತು, ನೆರಿಗೆಗೊಂದರಂತೆ ಸೋರಿತು. ಭಾವ ಬಗ್ಗಿ ನೋಡಿ, ಗಾಡಿಯ ನೆಲವೇ ಓರೆಯಾಗಿದೆ ಎಂದರು. ಕುಣಿಯಲಾರದವಳಿಗೆ ನೆಲ ಡೊಂಕಾದದ್ದನ್ನು ಕೇಳಿದ್ದೆ, ಆವತ್ತು ಕಣ್ಣಾರೆ ಕಂಡೆ. ಆಮೇಲೆ ಟ್ಯೂಬಿನಿಂದ ಇನ್ನೊಂದು ಬಂತು, ಮತ್ತೊಂದು ಬಂತು. ಅಮ್ಮನಿಗೆ ಹೇಳಿದ ಮುಂದಿನ ತಿಂಗಳು ಮುಂದೆ ಮುಂದೆ ಹೋಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಕೊನೆಗೆ ನಾನೇ ಬಿಡಿಭಾಗದ ಅಂಗಡಿಗೆ ಹೋಗಿ ಸರಿಯಾದ ಉಂಗುರ ತಂದು ಅವರ ಕೈಗಿಟ್ಟೆ. ಅದರ ಒಳಅಂಚು ಹೂವಿನ ಎಸಳಿನಷ್ಟು ತೆಳು. ನೀರು ತಡೆಯುವುದೇ ಆ ಅಂಚು. ಭಾವ ಅದನ್ನು ಬೆಳಕಿಗೆ ಹಿಡಿದು, ನೂಲು ಬಿಟ್ಟ ಬಟ್ಟೆಯ ಅಂಚು ಕಂಡವರಂತೆ ಮೂಗು ಮುರಿದರು. ನಾನು ಮಹಡಿ ಹತ್ತಿ ಇಳಿಯುವಷ್ಟರಲ್ಲಿ ಕತ್ತರಿ ಆಡಿಸಿ, ಆ ಅಂಚನ್ನು ಸುತ್ತಲೂ ನೀಟಾಗಿ ಕತ್ತರಿಸಿ ಎಸೆದಿದ್ದರು. "ಫಿನಿಶಿಂಗ್ ಸರಿ ಇರ್ಲಿಲ್ಲ," ಎಂದರು. ಮಂಗನ ಕೈಗೆ ಮಾಣಿಕ್ಯ ಕೊಟ್ಟವಳು ನಾನೇ, ಯಾರನ್ನು ಬೈಯಲಿ?

ಪರೀಕ್ಷೆಗೆಂದು ಅಕ್ಕನನ್ನು ಹಿಂದೆ ಕೂರಿಸಿಕೊಂಡು ಬೀದಿ ಸುತ್ತಿದರು. ಮೊದಲ ತಿರುವಿನಲ್ಲೇ ಟ್ಯಾಂಕಿನ ನೀರು ಚಿಮ್ಮಿ ಟಾಯ್ಲೆಟ್ಟಿನ ಬಾಗಿಲಡಿಯಿಂದ ಹರಿದು ಅಕ್ಕನ ಪಾದ ಮುಟ್ಟಿತು. ಇಳಿದು ಬಂದವಳ ಮುಖ ಬಿಳಿಚಿತ್ತು. ಸಿಟ್ಟಿನಿಂದ ನನ್ನ ಮೈ ಉರಿಯುತ್ತಿತ್ತು. ಭಾವನಿಗೆ ಒಮ್ಮೆ ಸರಿಯಾಗಿ ಉಗಿಯೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಬಚ್ಚಲಿಗೆ ಹೋಗಿ ಕಾಲು ತೊಳೆದು, ಮುಚ್ಚಳವಿರುವ ಒಂದು ಬಕೆಟ್ ಹಿಡಿದು ಬಂದಳು. ಗಾಡಿ ಹತ್ತಿ, ನೆಲ ಒರೆಸಿ, ಕಮೋಡಿನ ಮುಂದೆ ಬಕೆಟ್ ಇಟ್ಟು, ಅದರ ಹಿಡಿಗೆ ಹಗ್ಗ ಹಾಕಿ ಕಟ್ಟಿದಳು.

"ರೀ, ಟ್ಯಾಂಕು ಖಾಲಿ ಮಾಡಿ ತೊಳೀರಿ. ನಾಳೆ ಹೊರಡೋಣ."

"ಇನ್ನೊಂದು ವಾರ ಕೊಡು. ರಬ್ಬರ್ ಈ ಸಲ—"

"ನನಗೆ ಬೇಕಾಗಿದ್ದು ಬಾಗಿಲು ರೀ. ಕಮೋಡಲ್ಲ. ಬಾಗಿಲು ಮೊದಲ ದಿನದಿಂದ್ಲೂ ಇತ್ತು."

ನನಗೂ ಇದು ಹೊಳೆದಿರಲಿಲ್ಲ. ಆದರೆ ನಾನು ಸಕಲ ವಿದ್ಯೆ ಬಲ್ಲೆನೆಂದು ಕೊರಳಿಗೆ ಟೇಪು ಹಾಕಿಕೊಂಡು ತಿರುಗುವವಳಲ್ಲ.

ಮರುದಿನ ಹೊರಟೆವು. ದಾರಿಯಲ್ಲಿ ಅಕ್ಕ ಹಲವು ಬಾರಿ ಎದ್ದು ಹೋಗಿ ಬಾಗಿಲು ಹಾಕಿಕೊಂಡಳು. ಪ್ರತಿ ಸಲವೂ ಕುತ್ತಿಗೆ ನೆಟ್ಟಗೆ ಮಾಡಿಕೊಂಡು ಹೊರಬಂದಳು. ಪೆಟ್ರೋಲ್ ಬಂಕಿನ ಶೌಚಾಲಯದಲ್ಲಿ ಬಕೆಟ್ ಖಾಲಿ ಮಾಡಿ ತೊಳೆದಿಟ್ಟಳು. ಭಾವ ದಾರಿಯುದ್ದಕ್ಕೂ ರಬ್ಬರಿನ ಗುಣದೋಷ ವಿವರಿಸಿದರು, ನಾನು ಕಿಟಕಿಯಿಂದ ಹೊರಗೆ ನೋಡಿದೆ.

ಅಣ್ಣನ ಮನೆ ಮುಂದೆ ಗಾಡಿ ನಿಂತಾಗ ಅಮ್ಮ ಗೇಟಿಗೆ ಬಂದು ಅಕ್ಕನ ಎರಡೂ ಕೆನ್ನೆ ಹಿಡಿದಳು. ಅಳಿಯ ಕಾಣಲಿಲ್ಲ. ಅವರಾಗಲೇ ಟೇಪು ಹಿಡಿದು ಗಾಡಿಯ ಟಾಯ್ಲೆಟ್ಟಿನಲ್ಲಿ ಮೊಣಕಾಲೂರಿದ್ದರು.

"ಇಷ್ಟು ದಿನ ಯಾಕೆ ಬರ್ಲಿಲ್ವೇ?"

ಅಕ್ಕ ಆಚೀಚೆ ನೋಡಿ, ಬಗ್ಗಿ, ಅಮ್ಮನ ಕಿವಿಯಲ್ಲಿ ಕಾರಣ ಹೇಳಿದಳು. ಬಸ್ಸಿನದು, ಬಾಗಿಲಿನದು, ಬಕೆಟಿನದು ಎಲ್ಲ. ಅಮ್ಮ ನಗಲಿಲ್ಲ. ನನ್ನ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಗಾಡಿಯೊಳಗೆ ಬಂದಳು.

"ಅಳಿಯಂದಿರೇ, ಸ್ವಲ್ಪ ಹೊರಗೆ ಬನ್ನಿ."

ಭಾವ ಟೇಪು ಸುತ್ತಿಕೊಳ್ಳುತ್ತ ಹೊರಬಂದರು. ಅಮ್ಮ ಟಾಯ್ಲೆಟ್ಟಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾವು ಮೂವರೂ ನಿಂತೇ ಇದ್ದೆವು. ಹೊರಬಂದ ಅಮ್ಮ ಮಂಚದ ಮೇಲೆ ಕೂತು, ಮಡಿಲಲ್ಲಿ ಕೈಯಿಟ್ಟುಕೊಂಡು, "ನಂದೂ ಅದೇ ಕಥೆ ಕಣೇ," ಎಂದಳು ಅಕ್ಕನಿಗೆ. "ಅದಕ್ಕೇ ನಾನೂ ಬರ್ಲಿಲ್ಲ. ಮಗನ ಹತ್ರ ಹೇಗೆ ಹೇಳ್ಲಿ?"

ಅಕ್ಕ ಅವಳ ಪಕ್ಕ ಕೂತಳು. ಇಬ್ಬರೂ ಅತ್ತರು.

"ಒಳಗಿಂದ ನನ್ನ ಎರಡು ಸೀರೆ ತಗೊಂಡು ಬಾ," ಎಂದು ಅಮ್ಮ ನನಗೆ ಹೇಳಿದಳು. "ನಾನೂ ನಿಮ್ಮ ಮನೆಗೆ ಬರ್ತೀನಿ."

ಭಾವ ಟೇಪು ಮತ್ತೆ ಬಿಚ್ಚಿದರು. "ಬನ್ನಿ ಅತ್ತೆ, ಬನ್ನಿ. ಆದ್ರೆ ಇಬ್ಬರು ಉಪಯೋಗಿಸೋದಾದ್ರೆ ರಬ್ಬರ್ ಇನ್ನೂ ಸ್ವಲ್ಪ—"

"ನೀವು ಅದನ್ನ ಮುಟ್ಬೇಡಿ ಅಳಿಯಂದಿರೇ," ಎಂದಳು ಅಮ್ಮ. "ಗಾಡಿ ಓಡಿಸಿ, ಸಾಕು."

ಅದೊಂದು ಅವರಿಗೆ ಬರುತ್ತಿತ್ತು. ಓಡಿಸಿದರು.