ಹೊರಗೆ ಹೋಗಿಲ್ಲ

ನಮ್ಮ ಚಿಕ್ಕಮ್ಮ ಬಟ್ಟೆ ಸರಿಮಾಡುವ ದರ್ಜಿ. ಹೊಸದನ್ನು ಹೊಲಿಯುವುದಿಲ್ಲ. ಉದ್ದವಾದದ್ದನ್ನು ಗಿಡ್ಡ ಮಾಡುತ್ತಾಳೆ, ಬಿಗಿಯಾದದ್ದನ್ನು ಬಿಡಿಸುತ್ತಾಳೆ, ಕೆಟ್ಟ ಜಿಪ್ಪು ಬದಲಿಸುತ್ತಾಳೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಮೆಷಿನ್ನು, ಅದರ ಎಡಕ್ಕೆ ಇಸ್ತ್ರಿ ಮೇಜು, ಮೇಜಿನ ಕೆಳಗೆ ಚಿಂದಿ ತುಂಬಿದ ಬುಟ್ಟಿ, ಆ ಬುಟ್ಟಿಯಲ್ಲಿ ಹನ್ನೊಂದು ವರ್ಷದ ಗಂಡು ಬೆಕ್ಕು ಗುಂಡ. ಚಿಕ್ಕಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಮನೆಯಲ್ಲಿ ಉಳಿದದ್ದು ಅವರಿಬ್ಬರೇ.

ಚಿಕ್ಕಮ್ಮನ ಬಾಯಿಂದ ಒರಟು ಮಾತು ಕೇಳಿದವರಿಲ್ಲ. ಮೈಗೆ ಸಂಬಂಧಿಸಿದ್ದಕ್ಕೆಲ್ಲ ಅವಳ ಹತ್ತಿರ ಬೇರೆಯೇ ಹೆಸರು. ಯಾರದ್ದಾದರೂ ಪ್ಯಾಂಟಿನ ಹಿಂಭಾಗ ಹರಿದಿದ್ದರೆ "ಕೂರೋ ಕಡೆ ಸ್ವಲ್ಪ ಹೋಗಿದೆ" ಅನ್ನುತ್ತಿದ್ದಳು. ಕಕ್ಕಸು ಅವಳಿಗೆ "ಆ ಕಡೆ". ಅಲ್ಲಿ ಮಾಡುವ ಕೆಲಸ "ಹೊರಗೆ ಹೋಗೋದು". ಕಕ್ಕಸು ಮನೆಯೊಳಗೆ ಬಂದು ನಲವತ್ತು ವರ್ಷವಾಗಿದ್ದರೂ ಅವಳ ಪಾಲಿಗೆ ಜನ ಇವತ್ತಿಗೂ ಹೊರಗೇ ಹೋಗುತ್ತಿದ್ದರು. ಚಿಕ್ಕವಳಿದ್ದಾಗ ನಾನು ಬಾಯಿತಪ್ಪಿ ನೇರ ಮಾತು ಆಡಿದರೆ ತೊಡೆ ಚಿವುಟುತ್ತಿದ್ದಳು. ನಾನು ಅವಳ ಅಕ್ಕನ ಮಗಳು, ಹುಟ್ಟಾ ಬಾಯಿಬಡಕಿ. ನನ್ನ ತೊಡೆಗೆ ಬಿಡುವೇ ಇರಲಿಲ್ಲ.

ಒಂದು ಸೋಮವಾರ ಗುಂಡ ತನ್ನ ಮರಳಿನ ಟಬ್ಬಿನಲ್ಲಿ ಕೂತು ಬಹಳ ಹೊತ್ತು ತಿಣುಕಿದ. ಎದ್ದ, ಒಂದು ಸುತ್ತು ಹಾಕಿದ, ಮತ್ತೆ ಕೂತ. ಆಮೇಲೆ ಮರಳಿನಲ್ಲಿ ಸಿಕ್ಕಿದ್ದು ಕೋಟಿನ ಗುಂಡಿಯಷ್ಟು ದೊಡ್ಡ ಒಣ ಉಂಡೆ ಒಂದೇ. ಮಂಗಳವಾರ ಅದೂ ಇಲ್ಲ. ಚಿಕ್ಕಮ್ಮ ಎಲ್ಲವನ್ನೂ ನೋಡಿದಳು. ಅರ್ಧ ಇಂಚಿನ ವ್ಯತ್ಯಾಸವನ್ನು ಟೇಪು ಹಿಡಿಯದೆ ಹೇಳುವ ಕಣ್ಣು ಅವಳದು. ಬುಧವಾರ ಪ್ರಾಣಿಗಳ ಆಸ್ಪತ್ರೆಗೆ ಫೋನ್ ಮಾಡಿದಳು. ಎತ್ತಿದ್ದು ಕಾಂಪೌಂಡರ್.

"ನಮ್ಮ ಬೆಕ್ಕು ಎರಡು ದಿನದಿಂದ ಹೊರಗೆ ಹೋಗ್ತಾ ಇಲ್ಲಪ್ಪ."

"ಒಳ್ಳೇದೇ ಆಯ್ತಲ್ಲಮ್ಮ. ಬೀದೀಲಿ ನಾಯಿ ಕಾಟ, ಗಾಡಿ ಕಾಟ. ಮನೆಯೊಳಗೇ ಇರ್ಲಿ ಬಿಡಿ."

"ಅದಲ್ಲ... ಹೋಗ್ಬೇಕು ಅಂತ ಕೂರ್ತಾನೆ. ಆದ್ರೆ ಹೋಗಲ್ಲ."

"ಹೆದರಿರ್ಬೇಕು. ನೀವು ಬಲವಂತ ಮಾಡ್ಬೇಡಿ. ಇವತ್ತಲ್ಲ ನಾಳೆ ತಾನಾಗೇ ಹೋಗುತ್ತೆ."

ಆ ನೇರ ಮಾತು ಚಿಕ್ಕಮ್ಮನ ಗಂಟಲ ತನಕ ಬಂದಿತ್ತಂತೆ. ಆದರೆ ಬಿಗಿಯಾದ ಕೋಟು ಬಿಡಿಸಲು ತಂದ ಮೇಷ್ಟ್ರು ಎದುರಿಗೇ ಕೂತಿದ್ದರು. "ಆಯ್ತಪ್ಪ" ಅಂದು ಫೋನ್ ಇಟ್ಟಳು. ಆಸ್ಪತ್ರೆಯವರೇ ತಾನಾಗಿ ಸರಿಹೋಗುತ್ತದೆ ಅಂದಮೇಲೆ ಸರಿಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಗುರುವಾರ ಗುಂಡ ತಟ್ಟೆ ಮುಟ್ಟಲಿಲ್ಲ. ಶುಕ್ರವಾರ ಬೆಳಿಗ್ಗೆ ಹಳದಿ ನೀರು ವಾಂತಿ ಮಾಡಿಕೊಂಡ. ಮಧ್ಯಾಹ್ನ ನಾನು ಹೋದಾಗ ಬುಟ್ಟಿ ಖಾಲಿ. ಅವನು ಇಸ್ತ್ರಿ ಮೇಜಿನ ಹಿಂದೆ, ಗೋಡೆಗೆ ಮುಖ ಮಾಡಿ ಮುದುರಿ ಕೂತಿದ್ದ. ಎತ್ತಿಕೊಂಡರೆ ಹೊಟ್ಟೆ ಕಲ್ಲಿನಂತಿತ್ತು, ಸಣ್ಣಗೆ ನರಳಿದ. ಚಿಕ್ಕಮ್ಮ ಫೋನಿನ ಕಥೆ ಹೇಳಿದ್ದೇ ತಡ, ನನಗೆ ಮೈಯೆಲ್ಲ ಉರಿದುಹೋಯಿತು.

"ಒಂದು ಮಾತು ಬಾಯಿಬಿಟ್ಟು ಹೇಳಕ್ಕಾಗದೆ ಒಂದು ಜೀವ ತೆಗೀತಿದ್ದೀಯಲ್ಲ! ಏನು ಚಿಕ್ಕಮ್ಮ ನೀನು?"

ಅವಳ ಮುಖ ಇಷ್ಟೇ ಇಷ್ಟಾಯಿತು. ಬುಟ್ಟಿಗೆ ಹಳೇ ಟವೆಲ್ ಹಾಸಿದಳು.

ಆಸ್ಪತ್ರೆಯ ಹೊರಕೋಣೆಯಲ್ಲಿ ಹತ್ತು ಜನ ಬೆಂಚಿನ ಮೇಲಿದ್ದರು. ಅದೇ ಕಾಂಪೌಂಡರ್ ತಲೆ ಎತ್ತದೆ "ಏನು ತೊಂದರೆ?" ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ನನ್ನ ತೋಳು ಹಿಡಿದು ಹಿಂದಕ್ಕೆ ಸರಿಸಿದಳು.

"ನಮ್ಮ ಬೆಕ್ಕು ನಾಲ್ಕು ದಿನದಿಂದ ಹೇತಿಲ್ಲ."

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಅವಳು ಅತ್ತ ನೋಡಲೂ ಇಲ್ಲ. ಸ್ವರ ತಗ್ಗಿಸಲೂ ಇಲ್ಲ.

"ತಿಣುಕ್ತಾನೆ, ಹೇಲು ಬರಲ್ಲ. ಊಟ ಬಿಟ್ಟಿದಾನೆ, ವಾಂತಿ ಮಾಡಿದಾನೆ. ಬುಧವಾರ ನಿಮಗೇ ಫೋನ್ ಮಾಡಿದ್ದೆ. ಬಿಡಿಸಿ ಹೇಳಲಿಲ್ಲ. ತಪ್ಪು ನಂದು."

ಕಾಂಪೌಂಡರನ ಕೈಯಲ್ಲಿದ್ದ ಪೆನ್ನು ನಿಂತಿತು. ಸರದಿ ನೋಡದೆ ಎದ್ದು ಒಳಗಿನ ಬಾಗಿಲು ತೆರೆದ.

ಡಾಕ್ಟರಮ್ಮ ಮೊದಲು ಕಿಬ್ಬೊಟ್ಟೆ ಒತ್ತಿ ನೋಡಿದರು. "ಗಂಡು ಬೆಕ್ಕು ತಿಣುಕಿದ್ರೆ ಮೊದಲು ಉಚ್ಚೆ ಕಟ್ಟಿದೆಯಾ ಅಂತ ನೋಡ್ಬೇಕು. ಅದಾಗಿದ್ರೆ ಇಷ್ಟು ದಿನ ಉಳೀತಿರಲಿಲ್ಲ. ಇದು ಮಲಬದ್ಧತೆ. ಕರುಳು ತುಂಬಿ ಹಿಗ್ಗಿದೆ." ರಕ್ತನಾಳಕ್ಕೆ ಡ್ರಿಪ್ ಹಾಕಿದರು, ಮಂಪರು ಬರಿಸಿ ಎನಿಮಾ ಕೊಟ್ಟರು. ಗುಂಡ ಮನೆಗೆ ಬಂದದ್ದು ಶನಿವಾರ ಸಂಜೆ, ಮುಂಗಾಲಿನ ಒಂದು ಕಡೆ ಕೂದಲು ಬೋಳಿಸಿಕೊಂಡು.

"ಎರಡು ದಿನ ಆಗದಿದ್ರೆ ಮೂರನೇ ದಿನಕ್ಕೆ ಕಾಯ್ಬೇಡಿ, ಕರ್ಕೊಂಡು ಬನ್ನಿ" ಅಂದಿದ್ದರು ಡಾಕ್ಟರಮ್ಮ. "ಮನುಷ್ಯರ ಔಷಧಿ ಮುಟ್ಟಿಸ್ಬೇಡಿ. ಬಾಯಿಗೆ ಎಣ್ಣೆ ಹುಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತೆ. ಒಣ ಆಹಾರ ಕಡಮೆ ಮಾಡಿ, ನೀರಿನಂಶ ಇರೋದನ್ನ ಕೊಡಿ. ಇವನಿಗೆ ಸೊಂಟದ ನೋವಿದೆ, ಎತ್ತರದ ಟಬ್ಬು ಹತ್ತೋಕಾಗದೆ ತಡ್ಕೊಂಡಿರ್ತಾನೆ." ಒಂದು ಸಿರಪ್ ಕೊಟ್ಟು, ದಿನಕ್ಕೆ ಎಷ್ಟೆಂದು ಬರೆದರು. ಕೊನೆಗೆ ಅಂದರು, "ಈಗ ತೆಗೆದಿರೋದು ನಾವು. ಇನ್ನು ತಾನಾಗೇ ಮಾಡ್ಬೇಕು. ಮಾಡದಿದ್ರೆ ಕರುಳು ಶಕ್ತಿ ಕಳ್ಕೊಂಡಿದೆ ಅಂತ ಅರ್ಥ. ಆಮೇಲೆ ಕಷ್ಟ."

ಚಿಕ್ಕಮ್ಮ ಆ ಸಂಜೆಯೇ ಟಬ್ಬಿನ ಒಂದು ಬದಿಯನ್ನು ದೊಡ್ಡ ಕತ್ತರಿಯಿಂದ ತಗ್ಗಾಗಿ ಕತ್ತರಿಸಿದಳು. ಅಂಚು ಅವನ ಹೊಟ್ಟೆಗೆ ತರಚದಿರಲಿ ಎಂದು ಬಟ್ಟೆಯ ಪಟ್ಟಿ ಮಡಿಸಿ ಸುತ್ತಲೂ ಹೊಲಿದಳು. ಮೂರು ಕಡೆ ನೀರಿನ ಬಟ್ಟಲು ಇಟ್ಟಳು. ಭಾನುವಾರ ಇಡೀ ದಿನ ಮೆಷಿನ್ನು ತುಳಿಯಲಿಲ್ಲ, ಅವನನ್ನೇ ನೋಡುತ್ತ ಕೂತಿದ್ದಳು. ಅವತ್ತು ಏನೂ ಆಗಲಿಲ್ಲ.

ಸೋಮವಾರ ಹನ್ನೊಂದು ಗಂಟೆಗೆ ನನ್ನ ಆಫೀಸಿಗೆ ಫೋನ್ ಬಂತು.

"ಹೇತ ಕಣೇ! ತಾನಾಗೇ ಹೋಗಿ ಕೂತು ಹೇತ!"

ನಾನು ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಆ ಕಡೆಯಿಂದ ನಗು ಬರಲಿಲ್ಲ.

"ಆ ವರ್ಷ ನಿಮ್ಮ ಚಿಕ್ಕಪ್ಪನ ಪ್ಯಾಂಟಿನ ಸೊಂಟ ಮೂರು ಸಲ ಒಳಗೆ ಹಿಡಿದು ಸಣ್ಣ ಮಾಡಿದೆ" ಅಂದಳು.

ಚಿಕ್ಕಪ್ಪನಿಗೆ ಕರುಳಿನಲ್ಲಿ ಗಡ್ಡೆಯಾಗಿತ್ತು. ಆರು ತಿಂಗಳು ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರು ಅಂದದ್ದು ನಮಗೆಲ್ಲ ಗೊತ್ತಿತ್ತು. ಪ್ಯಾಂಟಿನ ವಿಷಯ ಯಾರಿಗೂ ಗೊತ್ತಿರಲಿಲ್ಲ.

"ಬೆಳಿಗ್ಗೆ ಒಳಗೆ ಹೋದ್ರೆ ಒಂದು ಗಂಟೆ ಆದ್ರೂ ಬರ್ತಿರಲಿಲ್ಲ. ನಾನು ಬಾಗಿಲಾಚೆ ನಿಂತಿರ್ತಿದ್ದೆ. ಚಿಲಕ ತೆಗೆಯೋ ಶಬ್ದ ಆದ ತಕ್ಷಣ ಅಡುಗೆಮನೆಗೆ ಓಡಿಬಿಡ್ತಿದ್ದೆ, ನಿಂತಿದ್ದು ಗೊತ್ತಾಗಬಾರದು ಅಂತ. ಹೇಲೋಕೆ ಆಗ್ತಾ ಇದೆಯಾ ಅಂತ ಕೇಳಕ್ಕೆ ಎಷ್ಟು ಹೊತ್ತು ಬೇಕಿತ್ತು? ನೀನು ಶುಕ್ರವಾರ ಬೈದದ್ದು ಸರಿಯಾಗೇ ಇತ್ತು ಕಣೇ."

ಹಾಗಲ್ಲ ಚಿಕ್ಕಮ್ಮ ಅನ್ನಲು ಹೊರಟೆ. ಬಾಯಿಬಡಕಿ ನಾನು, ಅಷ್ಟೂ ಆಡಲು ಆಗಲಿಲ್ಲ.