ಹುಚ್ಚೆಳ್ಳೆಣ್ಣೆಯ ಮೊದಲ ಬಾಟಲಿ

ಜನವರಿ 12, ಭಾನುವಾರ, ಬೆಳಿಗ್ಗೆ 8.20. ಮೈಸೂರಿನ ಪ್ರಯೋಗಾಲಯದಲ್ಲಿ ನಾನೊಬ್ಬಳೇ ಕೂತು ಕ್ಯಾನ್ಸರ್ ಜೀವಕೋಶಗಳಿಗೆ ನೀಲಿ ಬಣ್ಣ ಹಾಕಿ ಎಣಿಸುತ್ತಿದ್ದೆ. ಸತ್ತ ಕೋಶ ನೀಲಿಯಾಗುತ್ತದೆ, ಬದುಕಿದ್ದು ಬಣ್ಣ ಹೀರದೆ ಹಾಗೇ ಹೊಳೆಯುತ್ತದೆ. ಆವತ್ತು ಮುಕ್ಕಾಲು ಪಾಲು ನೀಲಿ. ಮೂರು ತಟ್ಟೆ, ಮೂರರಲ್ಲೂ ಅದೇ. ಹೇಳೋಣವೆಂದರೆ ಪಕ್ಕದಲ್ಲಿ ಯಾರೂ ಇರಲಿಲ್ಲ. ದಿನಚರಿಯಲ್ಲಿ ಬರೆದುಕೊಂಡು ಬುತ್ತಿ ಬಿಚ್ಚಿದೆ.

ಕೋಶಗಳಿಗೆ ನಾನು ಕೊಟ್ಟಿದ್ದು ಹುಚ್ಚೆಳ್ಳೆಣ್ಣೆಯಿಂದ ಬೇರ್ಪಡಿಸಿದ ಕೊಬ್ಬಿನಾಮ್ಲ. ಎಚ್.ಡಿ. ಕೋಟೆ ಕಡೆಯ ಹೊಲಗಳಲ್ಲಿ ಹುಚ್ಚೆಳ್ಳು ಬೆಳೆಯುತ್ತಾರೆ. ಹುಣಸೂರಿನ ನಮ್ಮ ಮನೆಯಲ್ಲಿ ಅದರ ಚಟ್ನಿಪುಡಿ ಇಲ್ಲದ ದಿನ ಕಡಿಮೆ. ಊಟದ ಈ ಎಣ್ಣೆಯಲ್ಲಿರುವ ಆಮ್ಲ ಕ್ಯಾನ್ಸರ್ ಕೋಶವನ್ನು ಕೊಲ್ಲಬಲ್ಲದೇ ಎಂಬುದು ನನ್ನ ಸಂಶೋಧನೆಯ ಪ್ರಶ್ನೆ. ಮೊದಲ ಸಲಕ್ಕೆ ಅಡುಗೆಮನೆಯ ಕಿಟಕಿಯಲ್ಲಿದ್ದ ಬಾಟಲಿಯನ್ನೇ ಒಯ್ದಿದ್ದೆ. ಗೈಡ್ ಮೇಡಂ ಎಣಿಕೆ ನೋಡಿ, ಇನ್ನೆರಡು ಸಲ ಹೀಗೇ ಬಂದರೆ ಪ್ರಬಂಧ ಕಳಿಸೋಣ ಎಂದರು.

ಬರಲಿಲ್ಲ. ಹಳೆಯದು ತಳ ಕಂಡಿತ್ತೆಂದು ಮನೆಗೆ ಯಾವಾಗಲೂ ಎಣ್ಣೆ ತರುವ ಹಾರನಹಳ್ಳಿಯ ಗಾಣದಿಂದಲೇ ಹೊಸ ಎಣ್ಣೆ ತಂದೆ. ಫೆಬ್ರವರಿಯಲ್ಲಿ ನಾಲ್ಕು ಸಲ, ಮಾರ್ಚ್‌ನಲ್ಲಿ ಐದು ಸಲ ಮಾಡಿದೆ. ಒಂಬತ್ತು ಸಲವೂ ಕೋಶಗಳು ಆರಾಮಾಗಿ ಬೆಳೆದವು. ನನ್ನ ಕೈಯೇ ಸರಿಯಿಲ್ಲ ಅನ್ನಿಸಿತು. ಕೋಶಗಳಿಗೆ ಹೊತ್ತು ಹೊತ್ತಿಗೆ ಆಹಾರದ ದ್ರವ ಬದಲಿಸಬೇಕು, ರಜೆಯೆಂಬುದಿಲ್ಲ. ಆ ಎರಡು ತಿಂಗಳಲ್ಲಿ ಲ್ಯಾಬಿಗೆ ಹೋದ ಭಾನುವಾರಗಳು ಎಂಟು. ಅವುಗಳಲ್ಲಿ ಬಸ್ ಕಂಡಕ್ಟರನ್ನು ಬಿಟ್ಟು ಹೊರಗೆ ಇನ್ನೊಬ್ಬರೊಡನೆ ಮಾತಾಡಿದ ದಿನಗಳು ಎರಡು. ಮನೆಯಲ್ಲಿ ಕೇಳಿದರೆ ನಡೀತಿದೆ ಅನ್ನುತ್ತಿದ್ದೆ.

ಏಪ್ರಿಲ್ 5ರಂದು ಹಳೆಯ ಬಾಟಲಿಯನ್ನು ಹಿಡಿದು ಗಾಣಕ್ಕೆ ಹೋದೆ. ಬೀಜ ಬೇರೆಯದಿತ್ತೇ ಎಂದು ಕೇಳಬೇಕಿತ್ತು. ಗಾಣ ನಡೆಸುವ ಹೆಂಗಸು ಮುಚ್ಚಳ ತೆಗೆದು ಮೂಸಿ, ಮುಖ ಕಿವುಚಿದರು.

"ಯಾರ್ಗವ್ವ ಕೊಟ್ಟೆ ಇದ?"

ಜೀವಕೋಶ ಎಂದರೆ ತಿಳಿಯಲಿಕ್ಕಿಲ್ಲವೆಂದು, ಕ್ಯಾನ್ಸರ್ ಹುಳಕ್ಕೆ ಅಂದೆ. ಅವು ಸತ್ತವು ಅಂತಲೂ ಹೇಳಿದೆ.

"ಸಾಯ್ದೆ ಇನ್ನೇನ್ ಮಾಡ್ತವೆ? ಕಮಟೋಗದೆ ಕಣವ್ವ ಎಣ್ಣೆ. ಇದ ತಿಂದ್ರೆ ಯಾವ ಹುಳ ತಾನೇ ಬದುಕ್ತದೆ?"

ಅವರು ನಗುತ್ತಿದ್ದರು. ನಾನು ಬಾಟಲಿ ತಿರುಗಿಸಿ ಚೀಟಿ ಓದಿದೆ. ಅದರಲ್ಲಿ ಲ್ಯಾಬಿಗೆ ತಂದ ದಿನ, ತೂಕ, ಕ್ರಮಸಂಖ್ಯೆ ಎಲ್ಲ ಇತ್ತು. ಎಣ್ಣೆ ಆಡಿಸಿದ ದಿನ ಇರಲಿಲ್ಲ. ಲ್ಯಾಬಿನಲ್ಲಿ ಏನನ್ನೂ ಮೂಸಬಾರದೆಂದು ಮೊದಲ ದಿನವೇ ಕಲಿಸುತ್ತಾರೆ, ನಾನು ಮೂಸಿರಲಿಲ್ಲ. ಅಲ್ಲಿಂದಲೇ ಮನೆಗೆ ಫೋನ್ ಮಾಡಿ, ಕಿಟಕಿಯಲ್ಲಿದ್ದ ಎಣ್ಣೆ ಯಾವಾಗಿನದು ಎಂದು ನನ್ನಮ್ಮನನ್ನು ಕೇಳಿದೆ.

"ಅದು ದೀಪಕ್ಕೆ ಅಂತ ಎತ್ತಿಟ್ಟಿದ್ದು ಕಣೆ. ದಸರಾಕ್ಕೂ ಮುಂಚಿಂದು. ನೀನು ಕೇಳ್ಲೇ ಇಲ್ವಲ್ಲ."

ಬಿಸಿಲು, ಗಾಳಿ ತಗುಲಿದರೆ ಈ ಎಣ್ಣೆ ಬೇಗ ಕೆಡುತ್ತದೆ, ಕೆಟ್ಟಾಗ ಹುಟ್ಟುವ ವಸ್ತುಗಳು ಕೋಶಕ್ಕೆ ವಿಷ ಎಂದು ಪಠ್ಯದಲ್ಲಿ ಓದಿದ್ದೆ. ಆದರೂ ಊಹೆಯ ಮೇಲೆ ಕೈಬಿಡಲು ಮನಸ್ಸಾಗಲಿಲ್ಲ. ಆವತ್ತೇ ತಾಜಾ ಎಣ್ಣೆ ತಂದು ಎರಡು ಪಾಲು ಮಾಡಿದೆ. ಒಂದನ್ನು ಕಪ್ಪು ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಟ್ಟೆ, ಇನ್ನೊಂದನ್ನು ಮುಚ್ಚಳವಿಲ್ಲದೆ ಕಿಟಕಿಯಲ್ಲಿ. ಮೇ 11ರಂದು ಎರಡರ ಆಮ್ಲವನ್ನೂ ಪರೀಕ್ಷಿಸಿದೆ. ಈ ಸಲ ಕ್ಯಾನ್ಸರ್ ಕೋಶಗಳ ಪಕ್ಕದಲ್ಲಿ ಆರೋಗ್ಯವಂತ ಕೋಶಗಳ ತಟ್ಟೆಯನ್ನೂ ಇಟ್ಟಿದ್ದೆ. ಕಮಟು ಎಣ್ಣೆಯದು ಎರಡನ್ನೂ ಕೊಂದಿತು. ತಾಜಾ ಎಣ್ಣೆಯದು ಎರಡನ್ನೂ ಮುಟ್ಟಲಿಲ್ಲ.

ಸೋಮವಾರ ಮೇಡಂ ಪುಟಗಳನ್ನು ಎರಡು ಸಲ ತಿರುವಿ, ಕಳಿಸೋದು ಬೇಡ ಅಂದರು. ಅವರು ಸಿಟ್ಟಾಗಲಿಲ್ಲ. ಆಗಿದ್ದರೆ ಒಂದಷ್ಟು ಮಾತಾದರೂ ಆಗುತ್ತಿತ್ತು.

ತಾಜಾ ಎಣ್ಣೆಯಿಂದ ಏನೂ ಆಗದು ಎಂದು ಇದರಿಂದ ಹೇಳಲಾಗದು. ನಾನು ನೋಡಿದ್ದು ಒಂದು ಬಗೆಯ ಕ್ಯಾನ್ಸರ್ ಕೋಶ, ಒಂದೇ ಅಳತೆಯ ಆಮ್ಲ. ಇಂಥ ಸೋಲನ್ನು ಅಚ್ಚು ಹಾಕುವವರು ಕಡಿಮೆಯಾದ್ದರಿಂದ, ನನಗಿಂತ ಮುಂಚೆ ಯಾರಾದರೂ ಇದನ್ನೇ ಎಣಿಸಿ ಸುಮ್ಮನಾದರೋ ತಿಳಿಯುವ ದಾರಿಯಿಲ್ಲ. ಹುಚ್ಚೆಳ್ಳೆಣ್ಣೆಯ ಮೇಲೆ ಕೆಲಸ ಮಾಡಿದವರಿದ್ದರೆ, ಫಲ ಬರದಿದ್ದರೂ ಸರಿ, ಎಣ್ಣೆ ಆಡಿಸಿದ ದಿನದ ಸಮೇತ ನನಗೊಂದು ಸಾಲು ಬರೆಯಿರಿ.