ಹೊನ್ನೂರಿನ ರಾಯಭಾರಿ ಬೇಡಿದ ಭಿಕ್ಷೆ

ಪುಟ್ಟಮಾದಪ್ಪ ಹುಟ್ಟುವ ಮೊದಲೇ ಅವನ ತಾಯಿ ದೊಡ್ಡಮಾದಮ್ಮ ಹರಕೆ ಹೊತ್ತಿದ್ದರು. ಹಿಂದಿನ ಮಕ್ಕಳು ಉಳಿದಿರಲಿಲ್ಲ. ಈ ಕೂಸು ಬದುಕಿದರೆ ವರ್ಷವರ್ಷವೂ ಶಿವರಾತ್ರಿಗೆ ಮುಂಚಿನ ಸೋಮವಾರ ಬೆಟ್ಟದ ದೇವರು ಮಾದಪ್ಪನ ಹೆಸರಿನಲ್ಲಿ ಇವನ ಕೈಲಿ ಐದು ಮನೆ ಭಿಕ್ಷೆ ಬೇಡಿಸುತ್ತೇನೆ ಎಂದು. ಕೂಸು ಬದುಕಿತು. ಹೊನ್ನೂರಿನಿಂದ ಬಸ್ಸಿನಲ್ಲಿ ಕೊಳ್ಳೇಗಾಲದ ಕಾಲೇಜಿಗೆ ಬಂದು, ನನ್ನ ಇತಿಹಾಸದ ತರಗತಿಯಲ್ಲಿ ಕಿಟಕಿಯ ಪಕ್ಕ ಕೂತು, ಮುಂದೆ ವಿದೇಶಾಂಗ ಸೇವೆಗೆ ಸೇರಿತು.

ಅವನ ಕೆಲಸವೆಂದರೆ ವಿಮಾನದಲ್ಲಿ ಓಡಾಡುವುದು ಎಂದು ಊರಿನವರು ತಿಳಿದಿದ್ದಾರೆ. ಅದರ ಹೆಚ್ಚಿನ ಪಾಲು ಕಾಯುವುದು. ಯಾರದೋ ಸಹಿಗೆ, ಯಾರದೋ ಸಿಟ್ಟು ಇಳಿಯುವುದಕ್ಕೆ. ಕಾದೂ ಕಾದೂ ಅವನಿಗೆ ಎಚ್ಚರದಲ್ಲೇ ಕನಸು ಕಾಣುವುದು ರೂಢಿಯಾಯಿತು. ಯಾವ ದೇಶದ ಕಿಟಕಿ ತೆರೆದರೂ ಹೊನ್ನೂರಿನ ಗದ್ದೆಯ ಮೇಲಿನ ಮಂಜೇ ಕಾಣುತ್ತದೆ ಎನ್ನುತ್ತಿದ್ದ.

ಭಿಕ್ಷೆಗೆ ಮಾತ್ರ ರಜೆ ಹಾಕಿ ಬರುತ್ತಿದ್ದ. ರಾಯಭಾರಿಯಾಗಿ ಬಾಲ್ಟಿಕ್ ತೀರದ ಪುಟ್ಟ ರಾಜಧಾನಿಗೆ ಹೋದ ವರ್ಷ ರಜೆ ಸಿಗಲಿಲ್ಲ. ಆ ಸೋಮವಾರ ದೊಡ್ಡಮಾದಮ್ಮ ಬೆಳಿಗ್ಗೆಯಿಂದ ಏನೂ ಮುಟ್ಟದೆ ಜಗಲಿಯಲ್ಲಿ ಕೂತರು. ಎಂಬತ್ತು ದಾಟಿದ ಜೀವ, ಸಕ್ಕರೆ ಕಾಯಿಲೆ ಬೇರೆ. ಅವನ ತಂಗಿ ರಾಣಿ ಹೆದರಿ ನನ್ನನ್ನು ಕರೆಸಿದಳು. ನಾನು ಹೋದಾಗ ಮಗ ಸ್ಪೀಕರ್ ಹಾಕಿದ ಫೋನಿನಲ್ಲಿ ಗೋಗರೆಯುತ್ತಿದ್ದ.

"ಅವ್ವಾ, ಇಲ್ಲಿ ನಾನು ದೇಶದ ಪರವಾಗಿ ಕೂತಿದ್ದೀನಿ. ನಾ ಬೇಡಕ್ಕೋದ್ರೆ ದೇಶನೇ ಬೇಡ್ದಂಗೆ ಕಣವ್ವಾ."

"ಅರಕೆ ಒತ್ತಿದ್ದು ನಿನ್ ದೇಶ ಏನ್ಲಾ? ನಾನು! ನೀ ಬೇಡಗಂಟ ಉಣ್ಣಾಕಿಲ್ಲ, ಓಗು."

"ಮೇಡಂ, ನೀವಾದ್ರೂ ಹೇಳಿ."

"ಬೂಟು ಹಾಕಿಕೊಂಡು ಹೋಗು" ಎಂದೆ.

ಹೋದ. ಹಣೆಗೆ ವಿಭೂತಿ, ಓವರ್‌ಕೋಟಿನ ಮೇಲೆ ಜೋಳಿಗೆ. ಹಾಲಿನಂಥ ಬೆಳಕು, ಬೀದಿ ತುಂಬ ಹಿಮ. ತನ್ನ ಹೆಜ್ಜೆಯ ಸದ್ದು ತನಗೇ ಕೇಳಿಸದೆ, ಯಾರ ಕನಸಿನೊಳಗೋ ನಡೆಯುತ್ತಿದ್ದಂತಿತ್ತು ಎಂದು ಆಮೇಲೆ ಹೇಳಿದ. ಮೊದಲ ಬಾಗಿಲಲ್ಲಿ "ಉಘೇ ಮಾದಪ್ಪ" ಎಂದ. ಬಾಗಿಲು ತೆರೆದ ಮುದುಕಿ, ಮಾತು ಅರ್ಥವಾಗದೆ, ಪಾಪ, ಬೀಗದಕೈ ಕಳೆದುಕೊಂಡಿದ್ದಾನೆಂದು ಒಳಗೆ ಕೂರಿಸಿ ಬೀಗ ರಿಪೇರಿಯವನಿಗೆ ಫೋನು ಮಾಡಿದಳು. ವಿವರಿಸಿದ ಮೇಲೆ ನಕ್ಕು ಒಂದು ಬೊಗಸೆ ಹಿಟ್ಟು ಹಾಕಿದಳು. ಮುಂದಿನ ಮನೆಗಳಲ್ಲಿ ಆಲೂಗಡ್ಡೆ, ಬ್ರೆಡ್ಡು, ಒಣ ಬಟಾಣಿ. ಕೊನೆಯ ಮನೆಯ ಗಂಡಸು ಜೋಳಿಗೆಯನ್ನೊಮ್ಮೆ ಅವನನ್ನೊಮ್ಮೆ ನೋಡಿ ಬಾಗಿಲು ಹಾಕಿಕೊಂಡ.

ಇಲ್ಲಿ ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ದನಿ ಕುಗ್ಗಿತ್ತು.

"ನಾಕೇ ಮನೆಲಿ ಆಕುದ್ರು ಅವ್ವ. ಐದ್ನೇವನು ಬಾಗ್ಲಾಕಂಡ್ಬುಟ್ಟ. ಇನ್ನೊಂದ್ ಮನೆಗೆ ಓಗ್ಲಾ?"

ದೊಡ್ಡಮಾದಮ್ಮ ನೆಟ್ಟಗೆ ಕೂತರು. "ಮೊಕದ್ ಮೇಲೇ ಆಕಂಡ್ನಾ?"

"ಊಂ."

"ಸಾಕು ಬುಡು. ಇಲ್ಲಿ ನೀ ಬಂದ್ರೆ ಸಾಯೇಬ್ರು ಬಂದ್ರು ಅಂತ ಊರೇ ಮೊರ ತುಂಬ್ಕಂಡು ನಿಂತಿರ್ತದೆ. ಅದೂ ಒಂದ್ ಬೇಡದಾ? ಇವತ್ತು ಬೇಡಿದ್ದೀಯ ಕಣ್ಲಾ ಮಗ."

ರಾಣಿ ಮುದ್ದೆ, ಉಪ್ಸಾರು ತಂದಿಟ್ಟಳು. ದೊಡ್ಡಮಾದಮ್ಮ ಮುರಿದು ಬಾಯಿಗಿಟ್ಟು, ಉಪ್ಪು ಕಮ್ಮಿಯೆಂದು ಅವಳನ್ನು ಬೈದರು. ಫೋನು ಯಾರೂ ಇಟ್ಟಿರಲಿಲ್ಲ. ಅತ್ತ ಕಡೆ ರಾಯಭಾರಿ ತಾಯಿ ಉಣ್ಣುವುದನ್ನು ಕೇಳುತ್ತಿದ್ದ.